ಕರುವಿನ ಪಾಲಿನ ಹಾಲು

ಬೆಳಗಿನ ವಾರ್ತೆಗೆ ರೇಡಿಯೋ ಹಾಕಿ, ಕಾಫಿಯ ಲೋಟವನ್ನು ಕೈಗೆತ್ತಿಕೊಳ್ಳುವ ನಮ್ಮಂಥ ಪಟ್ಟಣದವರಿಗೆ ಹಾಲೆಂದರೆ ಬಾಗಿಲಿಗೆ ಬಂದು ಬೀಳುವ ಒಂದು ಪೊಟ್ಟಣ. ಅದು ಎಲ್ಲಿಂದ ಬಂತು ಎಂದರೆ ಡೈರಿಯಿಂದ ಎನ್ನುತ್ತೇವೆ. ಡೈರಿಗೆ ಎಲ್ಲಿಂದ ಬಂತು ಎಂದರೆ ಹಸುವಿನಿಂದ ಎನ್ನುತ್ತೇವೆ. ಹಸುವಿಗೆ ಹಾಲು ಏಕೆ ಬಂತು ಎಂಬ ಪ್ರಶ್ನೆಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಅದಕ್ಕೆ ಇರುವ ಉತ್ತರ ಒಂದೇ. ಕರು ಹುಟ್ಟಿತು, ಆದ್ದರಿಂದ ಹಾಲು ಬಂತು. ಆ ಕರುವಿಗೆ ಅದರ ಪಾಲಿನ ಹಾಲು ಹೇಗೆ ಸಲ್ಲಬೇಕು, ಎಷ್ಟು ಸಲ್ಲಬೇಕು, ಯಾವ ಕ್ರಮದಲ್ಲಿ ಸಂದರೆ ಮನೆಗೂ ಕರುವಿಗೂ ಒಳ್ಳೆಯದು ಎಂಬುದೇ ಈ ಲೇಖನದ ವಿಷಯ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಅಕ್ಕನನ್ನು ಕೊಟ್ಟಿರುವುದು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಯ ಒಂದು ಹಳ್ಳಿಗೆ. ತೆಂಗಿನ ತೋಟ, ಸ್ವಲ್ಪ ರಾಗಿಯ ಹೊಲ, ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು, ಒಂದು ನಾಟಿ ಹಸು. ಕೆಲವು ವರ್ಷಗಳ ಹಿಂದೆ ಅವರ ಸೀಮೆ ಹಸು ಕರು ಹಾಕಿತೆಂದು ರಾತ್ರಿ ಸುದ್ದಿ ಬಂದಾಗ, ಹಾಸನದಲ್ಲಿ ಕುಳಿತಿದ್ದ ನಾನು ಕೇಳಿದ ಮೊದಲ ಮಾತು, “ಅಕ್ಕಾ, ಗಿಣ್ಣು ಕಳಿಸ್ತೀಯಾ?” ಎಂದು. ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ತೂಕದ ಕ್ಯಾರಿಯರ್ ಬಂತು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ್ದಾಯಿತು. ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿಯಾದ ಗಿಣ್ಣು. ಪಕ್ಕದ ಮನೆಯವರಿಗೂ ಕೊಟ್ಟು ತಿಂದೆವು.

ನಾಲ್ಕನೆಯ ದಿನ ಆ ಕರುವಿಗೆ ಭೇದಿ ಹತ್ತಿತು. ಎಂಟನೆಯ ದಿನ ಸತ್ತಿತು. ನೋಡಲು ಬಂದಿದ್ದ ಪಶುವೈದ್ಯರು ಔಷಧದ ಮಾತಿಗಿಂತ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಕರು ಮೊದಲ ಗಿಣ್ಣುಹಾಲು ಕುಡಿದಿದ್ದು ಎಷ್ಟು ಹೊತ್ತಿಗೆ?” ಭಾವ ಲೆಕ್ಕ ಹಾಕಿದರು. ಕರು ಹುಟ್ಟಿದ್ದು ರಾತ್ರಿ ಹತ್ತರ ಸುಮಾರಿಗೆ. ಕಸ ಬೀಳುವ ತನಕ ಕರು ಬಿಡಬಾರದೆಂಬುದು ಆ ಮನೆಯ ಹಳೆಯ ನಂಬಿಕೆ. ಕಸ ಬಿದ್ದಿದ್ದು ಬೆಳಗಿನ ಜಾವ. ಆಮೇಲೆ ಮೊದಲು ಕರೆದದ್ದು ಬಸ್ಸಿಗೆ ಹೋಗಬೇಕಾದ ಕ್ಯಾರಿಯರಿಗೆ. ಕರುವನ್ನು ಬಿಟ್ಟಿದ್ದು ಹಗಲು ಹತ್ತು ಗಂಟೆಗೆ. ಹನ್ನೆರಡು ಗಂಟೆಗಳ ಕಾಲ ಆ ಕರುವಿನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ವೈದ್ಯರು ಯಾರನ್ನೂ ಬೈಯಲಿಲ್ಲ. ಆದರೆ ಅವರು ವಿವರಿಸಿದ್ದನ್ನು ಕೇಳಿದ ಮೇಲೆ, ಗಿಣ್ಣಿನ ತಟ್ಟೆ ನನ್ನ ಕಣ್ಣ ಮುಂದೆ ಬಂದು ನಿಂತದ್ದು ನಿಜ.

ಮೊದಲ ಗುಟುಕಿನ ಬೆಲೆ

ಮನುಷ್ಯರ ಮಗು ತಾಯಿಯ ಗರ್ಭದಲ್ಲಿರುವಾಗಲೇ ಮಾಸಿನ ಮೂಲಕ ರೋಗನಿರೋಧಕ ಶಕ್ತಿಯ ಒಂದು ಪಾಲನ್ನು ಪಡೆದುಕೊಂಡು ಹುಟ್ಟುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಹಸುವಿನ ಮಾಸಿನ ರಚನೆಯೇ ಬೇರೆ. ತಾಯಿಯ ರಕ್ತದಲ್ಲಿರುವ ರೋಗನಿರೋಧಕ ವಸ್ತುಗಳು ಅದನ್ನು ದಾಟಿ ಕರುವಿನ ರಕ್ತಕ್ಕೆ ಹೋಗಲಾರವು. ಆದ್ದರಿಂದ ಕರು ಹುಟ್ಟುವಾಗ ಬರಿಗೈಯಲ್ಲಿ ಹುಟ್ಟುತ್ತದೆ. ತಾಯಿ ಆ ಸಾಲವನ್ನು ತೀರಿಸುವುದು ಗಿಣ್ಣುಹಾಲಿನ ಮೂಲಕ. ಆ ಹಳದಿ ಬಣ್ಣದ ಮಂದವಾದ ಹಾಲಿನಲ್ಲಿ ರೋಗನಿರೋಧಕ ಸಸಾರಜನಕ ವಸ್ತುಗಳು ತುಂಬಿರುತ್ತವೆ. ಕಾಯಿಸಿದರೆ ಅದು ಗಟ್ಟಿಯಾಗಿ ಕೂರುವುದಕ್ಕೂ ಈ ಸಸಾರಜನಕದ ಹೆಚ್ಚಳವೇ ಕಾರಣ. ಗಿಣ್ಣು ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ ಎಂದರೆ, ಕರುವಿಗೆ ಅಷ್ಟೂ ಬೇಕಾಗಿದ್ದ ವಸ್ತು ಅದರಲ್ಲಿತ್ತು ಎಂದರ್ಥ.

ಕೊಡುವ ಹೊತ್ತು ಇಲ್ಲಿ ಬಹಳ ಮುಖ್ಯ. ಹುಟ್ಟಿದ ಕೂಡಲೆ ಕರುವಿನ ಕರುಳಿನ ಗೋಡೆ ಈ ವಸ್ತುಗಳನ್ನು ಒಡೆಯದೆ ಇಡಿಯಾಗಿಯೇ ರಕ್ತಕ್ಕೆ ಬಿಟ್ಟುಕೊಡುತ್ತದೆ. ಗಂಟೆಗಳು ಕಳೆದಂತೆ ಆ ಬಾಗಿಲು ಮುಚ್ಚುತ್ತಾ ಬರುತ್ತದೆ. ಮೊದಲ ಆರು ಗಂಟೆಗಳು ಕಳೆಯುವಷ್ಟರಲ್ಲಿಯೇ ಶಕ್ತಿ ಗಣನೀಯವಾಗಿ ಕುಗ್ಗಿರುತ್ತದೆ. ಒಂದು ದಿನ ತುಂಬುವ ವೇಳೆಗೆ ಬಾಗಿಲು ಬಹುಮಟ್ಟಿಗೆ ಹಾಕಿಕೊಂಡಿರುತ್ತದೆ. ಆಮೇಲೆ ಕೊಡ ತುಂಬ ಗಿಣ್ಣುಹಾಲು ಕೊಟ್ಟರೂ ಅದು ಆಹಾರವಾದೀತೇ ಹೊರತು ರಕ್ಷೆಯಾಗಲಾರದು. ಇದೇ ಕಾರಣದಿಂದ ಯೂರೋಪಿನ ಒಕ್ಕೂಟದ ದೇಶಗಳು ೨೦೦೮ರ ತಮ್ಮ ಕರು ಸಾಕಣೆಯ ನಿಯಮಗಳಲ್ಲಿ, ಹುಟ್ಟಿದ ಪ್ರತಿಯೊಂದು ಕರುವಿಗೂ ಆದಷ್ಟು ಬೇಗ, ಏನೇ ಆದರೂ ಆರು ಗಂಟೆಯೊಳಗೆ, ಗಿಣ್ಣುಹಾಲು ಕುಡಿಸಲೇಬೇಕು ಎಂದು ಬರೆದಿಟ್ಟಿವೆ.

ಶ್ರವಣಬೆಳಗೊಳವೂ ಬಾಗೂರಿನ ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿನ ಗುಳ್ಳಕಾಯಜ್ಜಿಯ ಕಥೆ ನಮಗೆಲ್ಲ ಗೊತ್ತು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಗೊಮ್ಮಟನ ಪಾದ ಮುಟ್ಟದೆ ಹೋದದ್ದು, ಅಜ್ಜಿಯ ಗುಳ್ಳಕಾಯಿಯಷ್ಟು ಹಾಲಿನಿಂದ ಇಡೀ ಮೂರ್ತಿ ನೆನೆಯಿತಂತೆ. ಕರುವಿನ ವಿಷಯದಲ್ಲಿ ಇದು ಕಥೆಯಲ್ಲ. ಹೊತ್ತಿಗೆ ಸಂದ ಎರಡು ಮೂರು ಲೀಟರು, ಹೊತ್ತು ಮೀರಿದ ಮೇಲಿನ ಕೊಡಗಟ್ಟಲೆ ಹಾಲಿಗಿಂತ ಹೆಚ್ಚು.

ಲೆಕ್ಕ ಹೀಗೆ. ಕರುವಿನ ತೂಕದ ಹತ್ತನೆಯ ಒಂದು ಪಾಲಿನಷ್ಟು ಗಿಣ್ಣುಹಾಲು ಮೊದಲ ಒಂದೆರಡು ಗಂಟೆಗಳಲ್ಲಿಯೇ ಹೊಟ್ಟೆಗೆ ಸೇರುವುದು ಒಳ್ಳೆಯದು. ಮೂವತ್ತು ಕಿಲೋ ತೂಗುವ ಕರುವಿಗೆ ಮೂರು ಲೀಟರು. ಒಮ್ಮೆಗೆ ಕುಡಿಯದಿದ್ದರೆ ಎರಡು ಸಲಕ್ಕೆ. ಹನ್ನೆರಡು ಗಂಟೆಯೊಳಗೆ ಇನ್ನೊಂದು ಸಲ. ಆಮೇಲೆ ಮೂರು ನಾಲ್ಕು ದಿನ ಆ ತಾಯಿಯ ಹಾಲನ್ನೇ ಕೊಡಬೇಕು. ಈ ದಿನಗಳ ಹಾಲು ಕಾಯಿಸಿದರೆ ಒಡೆಯುವುದರಿಂದ ಡೈರಿಗೆ ಹಾಕುವ ಹಾಗೂ ಇಲ್ಲ. ಹಾಗಿರುವಾಗ ಕರುವಿಗೆ ಕೊಟ್ಟರೆ ಮನೆಗೆ ನಷ್ಟವೇನೂ ಇಲ್ಲ.

ಕಸ ಬೀಳುವ ತನಕ ಕಾಯಬೇಕೆಂಬುದು ತಲೆಕೆಳಗಾದ ನಂಬಿಕೆ. ಕರು ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಚೋದಕ ರಸ ಹುಟ್ಟುತ್ತದೆ. ಹಾಲನ್ನು ಇಳಿಸುವುದೂ ಅದೇ. ಗರ್ಭಕೋಶವನ್ನು ಸಂಕುಚಿಸಿ ಕಸವನ್ನು ಹೊರದೂಡಲು ನೆರವಾಗುವುದೂ ಅದೇ. ಎಂದರೆ ಕಸ ಬೇಗ ಬೀಳಬೇಕೆನ್ನುವವರೇ ಕರುವನ್ನು ಬೇಗ ಬಿಡಬೇಕು.

ಹೊಟ್ಟೆಯೊಳಗಿನ ಸುರಂಗ

ಹಾಲು ಕುಡಿಸುವ ಕ್ರಮಗಳಿಗೆ ಬರುವ ಮೊದಲು, ಕುಡಿದ ಹಾಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯಬೇಕು. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆಗಳು. ಮೊದಲನೆಯ ದೊಡ್ಡ ಕೋಣೆ ಹುಲ್ಲು ಕೊಳೆತು ಹದವಾಗುವ ಜಾಗ. ನಾಲ್ಕನೆಯದು ನಮ್ಮ ಜಠರದಂತೆ ನಿಜವಾಗಿ ಜೀರ್ಣಿಸುವ ಜಾಗ. ಎಳೆಗರುವಿನಲ್ಲಿ ಮೊದಲ ಕೋಣೆ ಇನ್ನೂ ಬೆಳೆದಿರುವುದಿಲ್ಲ. ಹಾಲು ಅಲ್ಲಿಗೆ ಬಿದ್ದರೆ ಹುಳಿತು, ಹೊಟ್ಟೆಯುಬ್ಬರ ಬಂದು ಭೇದಿಯಾಗುತ್ತದೆ. ಅದು ನೇರವಾಗಿ ನಾಲ್ಕನೆಯ ಕೋಣೆಗೆ ಹೋಗಬೇಕು.

ಬಾಗೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಹೇಮಾವತಿಯ ನೀರು ಗೊರೂರಿನ ಅಣೆಕಟ್ಟೆಯಿಂದ ಕಾಲುವೆಯಲ್ಲಿ ಬಂದು, ಬಾಗೂರು–ನವಿಲೆ ಸುರಂಗದೊಳಗೆ ಹೊಕ್ಕು, ಮೇಲಿನ ನೆಲಕ್ಕೆ ಒಂದು ಹನಿಯನ್ನೂ ಮುಟ್ಟಿಸದೆ ತುಮಕೂರಿನ ಕಡೆಗೆ ಹೋಗುತ್ತದಷ್ಟೆ? ಕರುವಿನ ಹೊಟ್ಟೆಯಲ್ಲಿಯೂ ಅಂಥದೇ ಒಂದು ಏರ್ಪಾಡು ಉಂಟು. ಅನ್ನನಾಳದ ಕೊನೆಯಲ್ಲಿ ಒಂದು ತೋಡು. ಕರು ಚೀಪಲು ತೊಡಗಿದಾಗ ತೋಡಿನ ಎರಡು ಅಂಚುಗಳೂ ಕೂಡಿಕೊಂಡು ಕೊಳವೆಯಾಗುತ್ತವೆ. ಹಾಲು ಆ ಕೊಳವೆಯ ಮೂಲಕ, ಮೊದಲ ಕೋಣೆಯನ್ನು ಮುಟ್ಟದೆ, ನಾಲ್ಕನೆಯದಕ್ಕೆ ಹೋಗುತ್ತದೆ.

ಈ ಸುರಂಗ ಸರಿಯಾಗಿ ಮುಚ್ಚಿಕೊಳ್ಳಬೇಕಾದರೆ ಕರು ತನ್ನ ಇಚ್ಛೆಯಿಂದ ಕುಡಿಯಬೇಕು. ಕತ್ತೆತ್ತಿ ಚೀಪುತ್ತಾ ನಿಧಾನವಾಗಿ ಕುಡಿದರೆ ಇನ್ನೂ ಒಳ್ಳೆಯದು. ಹಾಲು ತಣ್ಣಗಿದ್ದರೆ, ಹೊತ್ತುಗೊತ್ತಿಲ್ಲದೆ ಕೊಟ್ಟರೆ, ಕರು ಗಾಬರಿಯಿಂದ ಗಬಗಬನೆ ನುಂಗಿದರೆ ತೋಡು ಸರಿಯಾಗಿ ಕೂಡಿಕೊಳ್ಳದಿರಬಹುದು. ಇನ್ನು ಬಿದಿರಿನ ಗೊಟ್ಟವನ್ನು ಬಾಯಿಗಿಟ್ಟು ಕತ್ತು ಹಿಡಿದು ಹಾಲು ಹೊಯ್ಯುವ ಪದ್ಧತಿ ಎಲ್ಲಕ್ಕಿಂತ ಅಪಾಯದ್ದು. ಆ ಹಾಲು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದು ಕರು ಸಾಯುವುದುಂಟು.

ನಮ್ಮ ಮುಂದಿರುವ ದಾರಿಗಳು

ಕರುವಿಗೆ ಹಾಲುಣಿಸಲು ನಾಲ್ಕು ದಾರಿಗಳಿವೆ ಎನ್ನಬಹುದು.

ಮೊದಲನೆಯದು ಕರುವನ್ನು ತಾಯಿಯೊಡನೆಯೇ ಬಿಟ್ಟುಬಿಡುವುದು. ನಮ್ಮ ಸೀಮೆಯ ಹಳ್ಳಿಕಾರ್, ಅಮೃತಮಹಲ್ ತಳಿಗಳು ಬೆಳೆದುಬಂದದ್ದು ಹೆಚ್ಚುಕಡಿಮೆ ಹೀಗೆಯೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ಅರಮನೆಯ ಹಸುಗಳ ಇಲಾಖೆ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಆಯಿತು. ಹಾಸನವೂ ಸೇರಿದಂತೆ ಹಲವು ಜಿಲ್ಲೆಗಳ ಕಾವಲುಗಳಲ್ಲಿ ಆ ಹಸುಗಳು ಮೇದವು. ಹೆಸರಿನಲ್ಲಿ ಬೆಣ್ಣೆ, ಅಮೃತಗಳಿದ್ದರೂ ಆ ತಳಿ ಹೆಸರಾದದ್ದು ಎತ್ತುಗಳಿಂದ, ಸೈನ್ಯದ ಫಿರಂಗಿಗಳನ್ನು ಎಳೆದ ಕಸುವಿನಿಂದ. ತಾಯಿ ಕೊಡುವ ಹಾಲು ಸ್ವಲ್ಪ. ಆ ಸ್ವಲ್ಪವೂ ಕರುವಿನ ಹೊಟ್ಟೆ ಸೇರಿದರೆ ತಾನೆ ಅಂಥ ಮೈಕಟ್ಟು? ಎತ್ತಿಗಾಗಿ ಕರು ಸಾಕುವವರಿಗೆ ಇಂದಿಗೂ ಇದೇ ಸರಿ. ಆದರೆ ಹಾಲು ಮಾರಿ ಜೀವಿಸುವ ಮನೆಗೆ ಇದು ಹೊಂದುವುದಿಲ್ಲ. ಹತ್ತು ಹನ್ನೆರಡು ಲೀಟರು ಕೊಡುವ ಸೀಮೆ ಹಸುವಿನ ಜೊತೆ ಕರುವನ್ನು ದಿನವಿಡೀ ಬಿಟ್ಟರೆ ಅದು ಎಷ್ಟು ಕುಡಿಯಿತು, ಕೆಚ್ಚಲಲ್ಲಿ ಎಷ್ಟು ಉಳಿಯಿತು ಎಂಬ ಲೆಕ್ಕವೇ ಸಿಗದು.

ಎರಡನೆಯದು ನಮ್ಮ ಅಜ್ಜಿಯರು ಮಾಡುತ್ತಿದ್ದ ಕ್ರಮ, ಕರು ಬಿಟ್ಟು ಕರೆಯುವುದು. ಕರುವನ್ನು ಒಂದೆರಡು ನಿಮಿಷ ಮೊಲೆಗೆ ಬಿಡುತ್ತಾರೆ. ಹಸು ತೊರೆ ಬಿಡುತ್ತದೆ. ಕರುವನ್ನು ಎಳೆದು ತಾಯಿಯ ಮುಂಗಾಲ ಬಳಿ ಕಟ್ಟಿ ಹಾಲು ಕರೆಯುತ್ತಾರೆ. ತಾಯಿ ಕರುವಿನ ಮೈ ನೆಕ್ಕುತ್ತಾ ನಿಲ್ಲುತ್ತದೆ. ಕರೆದಾದ ಮೇಲೆ ಮತ್ತೆ ಕರುವನ್ನು ಬಿಡುತ್ತಾರೆ. ಕೆಲವರು ಒಂದು ಮೊಲೆಯನ್ನು ಕರುವಿನ ಪಾಲೆಂದು ಮುಟ್ಟದೆ ಬಿಡುತ್ತಾರೆ.

ಈ ಕ್ರಮವನ್ನು ಹಳೆಯದೆಂದು ತಳ್ಳಿಹಾಕುವಂತಿಲ್ಲ. ಉಷ್ಣವಲಯದ ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ, ನಾಟಿ ಮತ್ತು ಮಿಶ್ರತಳಿಯ ಹಸುಗಳಿಗೆ ಈ ಮಿತವಾದ ಮೊಲೆಯೂಡಿಕೆ ಚೆನ್ನಾಗಿ ಹೊಂದುತ್ತದೆಂದು ಕಂಡುಬಂದಿದೆ. ಕರೆದಾದ ಮೇಲೆ ಕೆಚ್ಚಲಲ್ಲಿ ಉಳಿಯುವ ಕೊನೆಯ ಹಾಲೇ ಹೆಚ್ಚು ಜಿಡ್ಡಿನದು. ಅದು ಕರುವಿಗೆ ಸಲ್ಲುತ್ತದೆ. ಕೆಚ್ಚಲು ಪೂರ್ತಿ ಬರಿದಾಗುವುದರಿಂದ ಕೆಚ್ಚಲುಬಾವು ಕಡಿಮೆ. ಹಾಲು ಬೆಚ್ಚಗೆ, ಚೊಕ್ಕಟವಾಗಿ, ಪಾತ್ರೆಯ ಹಂಗಿಲ್ಲದೆ ಹೊಟ್ಟೆ ಸೇರುತ್ತದೆ. ಸುರಂಗವೂ ತಾನಾಗಿ ಮುಚ್ಚಿಕೊಳ್ಳುತ್ತದೆ.

ಇದರ ದೋಷಗಳನ್ನೂ ಹೇಳಬೇಕು. ಮೊದಲನೆಯದಾಗಿ, ಕರುವಿಗೆ ಎಷ್ಟು ಸಂದಿತೆಂದು ಯಾರಿಗೂ ತಿಳಿಯದು. ಕೈ ಬಿಗಿಯಾದವರು ಕೆಚ್ಚಲನ್ನು ಹಿಂಡಿ ಹಿಪ್ಪೆ ಮಾಡಿ ಕರುವನ್ನು ಬಿಟ್ಟರೆ, ಅದು ಖಾಲಿ ಮೊಲೆಯನ್ನು ಗುದ್ದಿ ಗುದ್ದಿ ಸುಮ್ಮನಾಗುತ್ತದೆ. ನೋಡುವವರಿಗೆ ಕರು ಕುಡಿಯಿತೆಂಬ ಸಮಾಧಾನ, ಕರುವಿಗೆ ಉಪವಾಸ. ಎರಡನೆಯದಾಗಿ, ಅಕಸ್ಮಾತ್ ಕರು ಸತ್ತರೆ ಹಸು ತೊರೆ ಬಿಡದೆ ಹಾಲು ನಿಂತುಹೋಗುವುದುಂಟು. ಹಿಂದೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದುದು ಇದೇ ಕಾರಣಕ್ಕೆ. ಈಗ ಕೆಲವರು ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟು ಹಾಲಿಳಿಸಲು ಹೋಗುತ್ತಾರೆ. ವೈದ್ಯರ ಮಾತಿಲ್ಲದೆ ದಿನವೂ ಹೀಗೆ ಚುಚ್ಚುವುದು ಹಸುವಿಗೆ ಕೇಡು. ಹಾಲು ಹೆಚ್ಚಿಸಲೆಂದು ಹಸುವಿನ ಆರೋಗ್ಯ ಕೆಡಿಸುವ ಚುಚ್ಚುಮದ್ದು ಕೊಡುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಮೂರನೆಯ ದಾರಿ, ಕರುವನ್ನು ಹುಟ್ಟಿದಾಗಲೇ ಅಥವಾ ಕೆಲವು ದಿನಗಳಲ್ಲಿ ತಾಯಿಯಿಂದ ಬೇರೆ ಮಾಡಿ ಕೈಯಿಂದ ಕುಡಿಸುವುದು. ೧೯೭೪ರಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆ ನಮ್ಮ ರಾಜ್ಯಕ್ಕೆ ಬಂದು, ಹಳ್ಳಿ ಹಳ್ಳಿಯಲ್ಲಿ ಹಾಲಿನ ಸಹಕಾರ ಸಂಘಗಳಾಗಿ, ಸೀಮೆ ತಳಿಯ ಹಸುಗಳು ಕೊಟ್ಟಿಗೆಗಳನ್ನು ತುಂಬಿದ ಮೇಲೆ ಈ ಕ್ರಮವೂ ಹರಡಿತು. ಸೀಮೆ ಹಸು ಕರುವಿಲ್ಲದೆಯೂ, ಕೆಚ್ಚಲು ತೊಳೆದು ಒರಸಿದರೆ, ತೊರೆ ಬಿಡುತ್ತದೆ. ಆದ್ದರಿಂದ ಕರುವನ್ನು ಬೇರೆ ಇಡಬಹುದು, ಕುಡಿಸಿದ್ದನ್ನು ಅಳೆಯಬಹುದು.

ಇದರಲ್ಲಿ ಎರಡು ಬಗೆ. ಒಂದು ಬಕೆಟ್ಟಿನಲ್ಲಿ ಕುಡಿಸುವುದು. ಹಾಲಿನಲ್ಲಿ ಅದ್ದಿದ ಎರಡು ಬೆರಳನ್ನು ಕರುವಿನ ಬಾಯಿಗಿಟ್ಟು, ಅದು ಚೀಪತೊಡಗಿದಾಗ ಕೈಯನ್ನು ಮೆಲ್ಲಗೆ ಹಾಲಿಗಿಳಿಸಿದರೆ ಎರಡು ಮೂರು ದಿನದಲ್ಲಿ ಕಲಿಯುತ್ತದೆ. ಬಕೆಟ್ಟನ್ನು ನೆಲದ ಮೇಲಿಡದೆ ಸ್ವಲ್ಪ ಎತ್ತರದಲ್ಲಿಡಬೇಕು. ಇನ್ನೊಂದು ಬಗೆ ರಬ್ಬರಿನ ಮೊಲೆತೊಟ್ಟಿರುವ ಸೀಸೆ. ಕರು ಕತ್ತೆತ್ತಿ ಚೀಪಿ ನಿಧಾನವಾಗಿ ಕುಡಿಯುತ್ತದೆ. ಚೀಪುವ ಆಸೆ ತೀರುವುದರಿಂದ, ಒಂದರ ಹೊಕ್ಕಳನ್ನೋ ಕಿವಿಯನ್ನೋ ಇನ್ನೊಂದು ಚೀಪುವ ಕೆಟ್ಟ ಚಾಳಿಯೂ ಕಡಿಮೆ. ಬೇಗ ಮುಗಿಯಲೆಂದು ತೊಟ್ಟಿನ ತೂತನ್ನು ಕತ್ತರಿಸಿ ದೊಡ್ಡದು ಮಾಡುವವರುಂಟು. ಹಾಗೆ ಮಾಡಿದರೆ ಸೀಸೆಯ ಗುಣವೇ ಹೋಯಿತು. ಕರುಗಳು ಬಹಳವಿದ್ದಾಗ ಒಂದೇ ತೊಟ್ಟಿಗೆ ಹಲವು ಮೊಲೆತೊಟ್ಟುಗಳನ್ನು ಜೋಡಿಸಿ ಕುಡಿಸುವ ಪದ್ಧತಿ ನ್ಯೂಜಿಲೆಂಡಿನಂಥ ದೇಶಗಳಲ್ಲಿ ಸಾಮಾನ್ಯ.

ಕೈಯೂಡಿಕೆಯ ಜೀವಾಳ ಚೊಕ್ಕಟತನ. ಕೆಚ್ಚಲನ್ನು ಹಸು ತಾನೇ ನೋಡಿಕೊಳ್ಳುತ್ತದೆ; ಬಕೆಟ್ಟನ್ನು ನಾವೇ ತೊಳೆಯಬೇಕು. ಪ್ರತಿಸಲವೂ ಕುಡಿಸಿದ ಕೂಡಲೆ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನ ಪಸೆ ಹೋಗುವಂತೆ ಜಾಲಿಸಿ, ಆಮೇಲೆ ಬಿಸಿನೀರು ಮತ್ತು ಸೋಡಾ ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಬೇಕು. ತೊಟ್ಟನ್ನು ಕಳಚಿ ಒಳಮಗ್ಗುಲನ್ನೂ ತೊಳೆಯಬೇಕು. ಇದಕ್ಕೆ ಮನೆಯಲ್ಲಿ ಪುರುಸೊತ್ತಿಲ್ಲವೆಂದಾದರೆ ಕೈಯೂಡಿಕೆಗೆ ಕೈಹಾಕದಿರುವುದೇ ಲೇಸು.

ನಾಲ್ಕನೆಯ ದಾರಿ, ಹಾಲಿಗೆ ಬದಲಾಗಿ ಹಾಲಿನ ಪುಡಿಯಿಂದ ಮಾಡಿದ ಮೇವನ್ನು ನೀರಿನಲ್ಲಿ ಕಲಸಿ ಕುಡಿಸುವುದು. ಕೆನೆ ತೆಗೆದ ಹಾಲಿನ ಪುಡಿ, ಜಿಡ್ಡು, ಲವಣಗಳು ಸೇರಿದ ಈ ಪುಡಿಗಳು ದೊಡ್ಡ ಸಾಕಣೆಗಳಲ್ಲಿ ಉಪಯುಕ್ತ. ಪೊಟ್ಟಣದ ಮೇಲೆ ಹೇಳಿದ ಪ್ರಮಾಣ ತಪ್ಪಿದರೆ, ನೀರು ಹೆಚ್ಚಾದರೆ ಕರು ಬಡವಾಗುತ್ತದೆ, ಪುಡಿ ಹೆಚ್ಚಾದರೆ ಭೇದಿಯಾಗುತ್ತದೆ. ಎರಡು ವಾರವಾದರೂ ತುಂಬದ ಕರುವಿಗೆ ಇದನ್ನು ಶುರುಮಾಡದಿರುವುದು ಒಳ್ಳೆಯದು. ಒಂದೆರಡು ಹಸುವಿನ ಮನೆಗೆ, ಮನೆಯಲ್ಲೇ ಹಾಲಿರುವಾಗ, ಇದರ ಅವಶ್ಯಕತೆ ಕಡಿಮೆ. ಹಾಗೆಂದು ಪುಡಿಯ ಬದಲು ರಾಗಿಗಂಜಿಯನ್ನೋ ಅನ್ನದ ಗಂಜಿಯನ್ನೋ ಕುಡಿಸುವುದು ಖಂಡಿತ ಸಲ್ಲದು. ಗಂಜಿಯ ಪಿಷ್ಟವನ್ನು ಜೀರ್ಣಿಸುವ ರಸ ಮೊದಲ ಕೆಲವು ವಾರ ಕರುವಿನ ಹೊಟ್ಟೆಯಲ್ಲಿ ಸಾಕಷ್ಟು ಹುಟ್ಟುವುದೇ ಇಲ್ಲ.

ಎಷ್ಟು, ಯಾವಾಗ, ಎಲ್ಲಿಯವರೆಗೆ

ಕರುವಿನ ತೂಕದ ಹತ್ತರಲ್ಲೊಂದು ಪಾಲು ಹಾಲು ದಿನಕ್ಕೆ ಸಾಕೆಂಬುದು ಬಹುಕಾಲದಿಂದ ಬಂದ ಸೂತ್ರ. ಮೂವತ್ತು ಕಿಲೋ ಕರುವಿಗೆ ಬೆಳಿಗ್ಗೆ ಒಂದೂವರೆ ಲೀಟರು, ಸಾಯಂಕಾಲ ಒಂದೂವರೆ ಲೀಟರು. ಈಚಿನ ವರ್ಷಗಳ ಅಧ್ಯಯನಗಳು ಇದು ಬದುಕಲು ಸಾಕು, ಚೆನ್ನಾಗಿ ಬೆಳೆಯಲು ಸಾಲದು ಎನ್ನುತ್ತವೆ. ಮೊದಲ ತಿಂಗಳಲ್ಲಿ ತೂಕದ ನೂರಕ್ಕೆ ಹದಿನೈದು ಪಾಲಿನವರೆಗೆ, ಸಾಧ್ಯವಾದರೆ ಮೂರು ಸಲಕ್ಕೆ ಹಂಚಿ ಕೊಟ್ಟರೆ ಕರು ಬಲವಾಗುತ್ತದೆ. ಹಾಸನದ ಸೀಮೆಯ ಮಾಗಿಯ ಚಳಿಯಲ್ಲಿ ಸ್ವಲ್ಪ ಹೆಚ್ಚೇ ಬೇಕು. ಹಾಲು ಕರೆದ ಬಿಸುಪಿನಲ್ಲೇ ಇರಬೇಕು. ಮುಂಗೈ ಮೇಲೆ ಹನಿ ಹಾಕಿದರೆ ಬೆಚ್ಚಗೆ ತೋರಬೇಕು. ಹೊತ್ತು ದಿನವೂ ಒಂದೇ ಆಗಿರಬೇಕು. ಹಾಲಿಗೆ ನೀರು ಬೆರೆಸಕೂಡದು.

ಎರಡನೆಯ ವಾರದಿಂದ ಒಂದು ಹಿಡಿ ಕರುಹಿಂಡಿಯನ್ನು ಬಾಯಿಗೆ ಸವರಿ ರುಚಿ ಹತ್ತಿಸಬೇಕು. ಹಿಡಿಯಷ್ಟು ನಯವಾದ ಒಣಹುಲ್ಲು, ಎಂದಿಗೂ ತಪ್ಪದ ಶುದ್ಧ ನೀರು ಬೇಕು. ಹಾಲು ಕುಡಿಯುವ ಕರುವಿಗೆ ನೀರೇಕೆ ಎನ್ನುವವರುಂಟು. ಹಾಲು ಸುರಂಗದಲ್ಲಿ ಹೋಗುತ್ತದೆ; ಹಿಂಡಿ ಹುಲ್ಲುಗಳು ಬೀಳುವ ಮೊದಲ ಕೋಣೆಗೆ ನೀರು ಬೇರೆಯೇ ಬೇಕು. ಈ ಹಿಂಡಿಯಿಂದಲೇ ಆ ಕೋಣೆ ಬೆಳೆದು, ಕರು ಹಸುವಾಗಲು ಕಲಿಯುವುದು. ದಿನಕ್ಕೆ ಮುಕ್ಕಾಲರಿಂದ ಒಂದು ಕಿಲೋ ಹಿಂಡಿಯನ್ನು ಮೂರು ದಿನ ಎಡೆಬಿಡದೆ ತಿಂದರೆ ಹಾಲು ಬಿಡಿಸುವ ಕಾಲ ಬಂತೆಂದು ತಿಳಿಯಬಹುದು. ನಮ್ಮ ಕಡೆ ಇದು ಎರಡರಿಂದ ಮೂರು ತಿಂಗಳು. ಬಿಡಿಸುವುದನ್ನು ಒಂದೇ ದಿನದಲ್ಲಿ ಮಾಡದೆ, ಹತ್ತು ದಿನಗಳಲ್ಲಿ ಮೆಲ್ಲಗೆ ಇಳಿಸಬೇಕು.

ಇದರ ಜೊತೆಗೆ ಮೂರು ಮಾತು ನೆನಪಿರಲಿ. ಹುಟ್ಟಿದ ಕೂಡಲೆ ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಬೇಕು. ತಾಯಿಯ ಹಾಲಿನಿಂದಲೇ ಬರುವ ಜಂತುಹುಳುವಿಗೆ ಎರಡನೆಯ ವಾರದಲ್ಲಿ ಪಶುವೈದ್ಯರನ್ನು ಕೇಳಿ ಔಷಧ ಹಾಕಿಸಬೇಕು. ಕರುವಿಗೆ ಭೇದಿಯಾದರೆ ಹಾಲನ್ನು ನಿಲ್ಲಿಸಬಾರದು. ಹಿಂದೆ ಹಾಗೆ ನಿಲ್ಲಿಸಿ ಎನ್ನುತ್ತಿದ್ದರು. ಅದರಿಂದ ಕರು ಹಸಿವಿನಿಂದಲೂ ಸೊರಗುತ್ತಿತ್ತು. ಹಾಲನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ನಡುನಡುವೆ ಬೇರೆಯಾಗಿ ಉಪ್ಪು ಸಕ್ಕರೆಗಳ ಲವಣದ ನೀರನ್ನು ಕೊಡುತ್ತಾ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಲೀಟರಿನ ಲೆಕ್ಕ

ಇಷ್ಟೆಲ್ಲ ಹಾಲನ್ನು ಕರುವಿಗೆ ಹಾಕಿದರೆ ಡೈರಿಗೆ ಹಾಕುವುದೇನು ಎಂದು ಭಾವ ಕೇಳಿದ್ದು ನ್ಯಾಯವಾದ ಪ್ರಶ್ನೆ. ಹತ್ತಿರದ ಡೈರಿಯಲ್ಲಿ ಲೀಟರಿನ ಲೆಕ್ಕದಲ್ಲಿ ಬರುವ ಹಣದಿಂದಲೇ ಆ ಮನೆಯ ದಿನಸಿ, ಮಕ್ಕಳ ಫೀಸು ಎಲ್ಲವೂ ನಡೆಯಬೇಕು.

ನಾವು ಕಾಗದ ಪೆನ್ಸಿಲು ಹಿಡಿದು ಕೂತೆವು. ಮೊದಲ ಎರಡು ತಿಂಗಳು ದಿನಕ್ಕೆ ನಾಲ್ಕು ಲೀಟರಿನಂತೆ ೨೪೦ ಲೀಟರು. ಮೂರನೆಯ ತಿಂಗಳು ಇಳಿಸುತ್ತಾ ಬಂದು ದಿನಕ್ಕೆ ಸರಾಸರಿ ಎರಡು ಲೀಟರಿನಂತೆ ೬೦ ಲೀಟರು. ಒಟ್ಟು ೩೦೦ ಲೀಟರು. ದಿನಕ್ಕೆ ಹತ್ತು ಲೀಟರಿನಂತೆ ಮುನ್ನೂರು ದಿನ ಕರೆಯುವ ಹಸು ಕೊಡುವುದು ೩೦೦೦ ಲೀಟರು. ಎಂದರೆ ಕರುವಿನ ಪಾಲು ಹತ್ತರಲ್ಲಿ ಒಂದು. ಚೆನ್ನಾಗಿ ಬೆಳೆದ ಮಿಶ್ರತಳಿಯ ಕಡಸು ಎರಡೂವರೆ ವರ್ಷದ ಸುಮಾರಿಗೆ ಕರು ಹಾಕಬಹುದು. ಎಳವೆಯಲ್ಲಿ ಹಾಲಿಲ್ಲದೆ ಸೊರಗಿದ್ದು ಬೆದೆಗೆ ಬರುವುದೇ ತಡವಾಗಿ, ಕರು ಹಾಕುವ ಹೊತ್ತಿಗೆ ಮೂರು ಮೂರೂವರೆ ವರ್ಷ. ಉಳಿಸಿದ್ದು ೧೦೦ ಲೀಟರಾದರೆ, ಕಳೆದುಕೊಂಡದ್ದು ಅರ್ಧದಿಂದ ಒಂದು ವರ್ಷದ ಹಾಲು. ಭಾವ ಕಾಗದವನ್ನು ಎರಡು ಸಲ ನೋಡಿ, ಮಡಿಸಿ ಜೇಬಿಗಿಟ್ಟುಕೊಂಡರು.

ಹೋರಿಗರುವಿನ ಲೆಕ್ಕ ಹೀಗೆ ಬರುವುದಿಲ್ಲವೆಂಬುದನ್ನು ಮುಚ್ಚಿಡಬಾರದು. ಸೀಮೆ ಹೋರಿ ನೊಗಕ್ಕೆ ಹೊಂದದು. ಅದನ್ನು ಕೊಳ್ಳುವವರೂ ಕಡಿಮೆ. ಆದ್ದರಿಂದ ಅನೇಕ ಕೊಟ್ಟಿಗೆಗಳಲ್ಲಿ ಅದರ ಪಾಲಿಗೆ ಹಿಂಡಿದ ಕೆಚ್ಚಲೇ ಗತಿ. ಹೆಣ್ಣುಗರುವೇ ಹೆಚ್ಚಾಗಿ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಈಗ ದೊರೆಯುತ್ತಿರುವುದರಿಂದ ಮುಂದೆ ಈ ಕಷ್ಟ ಕಡಿಮೆಯಾದೀತು. ಆದರೆ ಹುಟ್ಟಿದ ಮೇಲೆ ಅದೂ ಹಸಿವಿನ ಪ್ರಾಣಿಯೇ. ಗಿಣ್ಣುಹಾಲಿನಲ್ಲಿ ಮಾತ್ರ ಹೆಣ್ಣು ಗಂಡೆಂಬ ಭೇದ ಮಾಡಲೇಬಾರದು.

ಆರಿಸುವುದು ಹೇಗೆ?

ಎಲ್ಲ ಮನೆಗೂ ಒಂದೇ ಕ್ರಮ ಹೇಳುವವರನ್ನು ನಂಬಬೇಕಾಗಿಲ್ಲ. ಮನೆಯವರು ತಮ್ಮನ್ನು ತಾವೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಹಸು ಕರುವಿಲ್ಲದೆ ತೊರೆ ಬಿಡುತ್ತದೆಯೆ? ದಿನಕ್ಕೆ ಎಷ್ಟು ಹಾಲು ಕೊಡುತ್ತದೆ? ದಿನಕ್ಕೆ ಎರಡು ಸಲ ಪಾತ್ರೆ ತೊಳೆದು ಹಾಲಳೆಯುವ ಕೈ ಯಾವುದು? ಒಟ್ಟಿಗೆ ಎಷ್ಟು ಕರುಗಳಿರುತ್ತವೆ?

ನಾಟಿ ಹಸುವಾಗಿದ್ದು ಎರಡು ಮೂರು ಲೀಟರು ಕೊಡುವುದಾದರೆ ಕರು ಬಿಟ್ಟು ಕರೆಯುವುದೇ ಸರಿ. ಒಂದು ಮೊಲೆಯನ್ನು ಕರುವಿಗೆಂದು ಬಿಡಬೇಕು. ಸೀಮೆ ಹಸುವಾಗಿದ್ದು, ಅಳೆದು ತೊಳೆದು ಮಾಡುವ ಕೈಯಿದ್ದರೆ ಸೀಸೆಯಲ್ಲೋ ಬಕೆಟ್ಟಿನಲ್ಲೋ ಕುಡಿಸಬಹುದು. ಸೀಮೆ ಹಸುವಾಗಿಯೂ ಮನೆಯಲ್ಲಿ ಆ ಪುರುಸೊತ್ತಿಲ್ಲದಿದ್ದರೆ, ಹಳೆಯ ಕ್ರಮವನ್ನೇ ಹಿಡಿದು, ವಾರಕ್ಕೊಮ್ಮೆ ಕರುವಿನ ಎದೆಸುತ್ತನ್ನು ದಾರದಿಂದ ಅಳೆದು ಅದು ಬೆಳೆಯುತ್ತಿದೆಯೇ ಎಂದು ನೋಡಿದರಾಯಿತು. ಕರುಗಳು ಹತ್ತಾರಿದ್ದರೆ ಆಗ ಪುಡಿಯ ಮಾತು, ಹಲವು ತೊಟ್ಟಿನ ಪಾತ್ರೆಯ ಮಾತು.

ಅಕ್ಕನ ಮನೆಯಲ್ಲಿ ಕೊನೆಗೆ ಒಂದೇ ಕೊಟ್ಟಿಗೆಯಲ್ಲಿ ಎರಡು ಕ್ರಮ ನಿಂತಿತು. ನಾಟಿ ಹಸುವಿಗೆ ಕರು ಬಿಡುವುದು. ಸೀಮೆ ಹಸುವಿನ ಕರುವಿಗೆ ಸೀಸೆ. ಸೀಸೆ ತೊಳೆಯುವ ಕೆಲಸ ಎಂದಿನಂತೆ ಅಕ್ಕನ ಪಾಲಿಗೇ ಬಂತು. ಭಾವ ಒಂದು ವಾರ ನೋಡಿ, ಸಾಯಂಕಾಲದ ಸರದಿಯನ್ನು ತಾವು ವಹಿಸಿಕೊಂಡರು.

ಮರುವರ್ಷ ಅದೇ ಸೀಮೆ ಹಸು ಮತ್ತೆ ಕರು ಹಾಕಿತು, ಹೆಣ್ಣುಗರು. ಈ ಸಲ ನಾನು ಕೇಳಿದ ಮೊದಲ ಮಾತು ಬೇರೆ. “ಕರು ಕುಡೀತಾ?” “ಹುಟ್ಟಿ ಅರ್ಧ ಗಂಟೆಗೇ ಕುಡೀತು ಕಣೋ. ಕಸ ಆಮೇಲೆ ತಾನಾಗೇ ಬಿತ್ತು” ಎಂದಳು ಅಕ್ಕ.

ಕ್ಯಾರಿಯರ್ ಬಂದದ್ದು ಮೂರನೆಯ ದಿನ ಸಾಯಂಕಾಲದ ಬಸ್ಸಿಗೆ. ಆ ಹೊತ್ತಿಗೆ ಹಾಲು ತೆಳುವಾಗಿತ್ತು. ಹಬೆಯಲ್ಲಿ ಎಷ್ಟು ಬೇಯಿಸಿದರೂ ಗಿಣ್ಣು ಗಟ್ಟಿಯಾಗಿ ಕೂರಲಿಲ್ಲ. ಚಾಕು ಬೇಕಾಗಲಿಲ್ಲ, ಚಮಚದಲ್ಲಿ ತಿಂದೆವು. ಗಟ್ಟಿ ಗಿಣ್ಣು ಯಾರ ಹೊಟ್ಟೆ ಸೇರಿತ್ತೆಂಬುದು ನಮಗೆ ಗೊತ್ತಿದ್ದುದರಿಂದ, ಮನೆಯಲ್ಲಿ ಯಾರೂ ಅದರ ಮಾತೆತ್ತ��ಿಲ್ಲ.